ಹೊತ್ತು ಮುಳುಗುವ ಮುಂಚಿನ ಗುಳಿಗೆ

ಒಂದು ಗುಳಿಗೆ ಹೆಚ್ಚಿಗೆ ಹೊಟ್ಟೆಗೆ ಹೋದದ್ದರಿಂದ ನನಗೆ ಆದದ್ದು ಒಂದು ಸಂಜೆಯ ವಾಂತಿ, ಒಂದಿಷ್ಟು ತಲೆಸುತ್ತು, ಅಷ್ಟೇ. ಮರುದಿನ ಡಾಕ್ಟರು ನೋಡಿ, ಗಾಬರಿಪಡುವಂಥದ್ದು ಏನೂ ಇಲ್ಲ ಎಂದರು. ಔಷಧದ ವಿಷಯ ಅಲ್ಲಿಗೇ ಮುಗಿಯಿತು. ಮುಗಿಯದೆ ಉಳಿದದ್ದು ನನ್ನ ಅಕ್ಕನ ವಿಷಯ. ನಾನು ಓದಿದ್ದು ನಾಲ್ಕನೇ ಇಯತ್ತೆ, ಬರೆದು ರೂಢಿಯಿಲ್ಲ. ಆದರೆ ಮನೆಯವರಿಗೆ ಔಷಧ ತಪ್ಪಿ ಕೊಟ್ಟೆನೆಂದು ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ಕೂತವರು ಅಕ್ಕನ ಹಾಗೆ ಇನ್ನೂ ಎಷ್ಟೋ ಜನ ಇರಬೇಕು. ಅವರಿಗೆ ಇದು ಮುಟ್ಟಲಿ.

ನಮ್ಮದು ಗದಗದ ಕಡೆಯ ಊರು. ಅವ್ವನಿಗೆ ಮೇಲಿಂದ ಮೇಲೆ ಬಾಣಂತನ, ಹೀಗಾಗಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀಲಕ್ಕ. ಅಕ್ಕನ ಕೈಗುಣ ಓಣಿಗೆಲ್ಲ ಗೊತ್ತಿತ್ತು. ಎಳೆಗರು ಹಾಲು ಕುಡಿಯದಿದ್ದರೆ ಅಕ್ಕನನ್ನು ಕರೆಯುತ್ತಿದ್ದರು. ಕೂಸಿಗೆ ಕಷಾಯ ಕುಡಿಸಬೇಕಾದರೆ ಅಕ್ಕನನ್ನೇ ಕರೆಯುತ್ತಿದ್ದರು. ನಾನು ಮಾತ್ರ ಯಾರೂ ಕರೆಯದಿದ್ದರೂ ಅವಳ ಸೆರಗು ಹಿಡಿದುಕೊಂಡೇ ಇರುತ್ತಿದ್ದೆ.

ಅಕ್ಕನನ್ನು ಕೊಟ್ಟದ್ದು ರೈಲ್ವೆ ಕಚೇರಿಯ ಗುಮಾಸ್ತರಿಗೆ. ಭಾವನ ನೌಕರಿ ಗುಜರಾತದ ಬಡೋದೆಯಲ್ಲಿ. ಗುಜರಾತ ಬೇರೆ ರಾಜ್ಯವಾಗಿ ಬಹಳ ವರ್ಷ ಆಗಿರಲಿಲ್ಲ. ನಮ್ಮೂರಿನವರಿಗೆ ಅದು ಮುಂಬಯಿಯ ಆಚೆ ಎಲ್ಲೋ ಇರುವ ಸೀಮೆ, ಅಷ್ಟೇ. ಅಕ್ಕ ಹೋದ ಮೇಲೆ ನಮ್ಮ ಮನೆಯಲ್ಲಿ ಜನ ಕಮ್ಮಿ ಏನೂ ಆಗಿರಲಿಲ್ಲ. ಆದರೂ ಊಟಕ್ಕೆ ಕೂತಾಗ ನನ್ನ ಎಡಗಡೆ ಖಾಲಿ ಅನ್ನಿಸುತ್ತಿತ್ತು. ಅಲ್ಲಿ ತಮ್ಮ ಬಂದು ಕೂತರೂ ಖಾಲಿಯೇ.

ಮರುವರ್ಷ ಅಕ್ಕ ಬಸುರಿ, ಏನು ತಿಂದರೂ ನಿಲ್ಲುತ್ತಿಲ್ಲ ಎಂದು ಪತ್ರ ಬಂತು. ಕೈಯಾಸರೆಗೆ ನನ್ನನ್ನು ಕಳಿಸಿದರು. ಗಾಡಿ ಬದಲಿಸುತ್ತ ಬದಲಿಸುತ್ತ ಹೋಗುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಅಕ್ಕನ ಪಕ್ಕಕ್ಕೆ ಮಲಗಿ ಊರಿನ ಮಾತೆಲ್ಲ ಹೇಳಬೇಕು.

ಬಡೋದೆಯ ಹಳೇ ಊರಿನಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳ ಸಣ್ಣ ಓಣಿಗಳಿವೆ. ಪೋಳ್ ಎನ್ನುತ್ತಾರೆ. ಅಂಥ ಒಂದು ಪೋಳಿನಲ್ಲಿ, ಮರದ ಕಡಿದಾದ ಮೆಟ್ಟಿಲ ಮೇಲೆ ಎರಡು ಕೋಣೆಯ ಮನೆ. ಅಕ್ಕ ನನ್ನನ್ನು ತಬ್ಬಿಕೊಂಡಳು, ಅತ್ತಳು, ನಕ್ಕಳು. ಆಮೇಲೆ ಭಾವನ ಡಬ್ಬಿ ಕಟ್ಟಲಿಕ್ಕೆ ಎದ್ದಳು. ಮುಂದೆ ದಿನವೂ ಹಾಗೇ. ಡಬ್ಬಿ, ನೀರು, ಇಸ್ತ್ರಿ, ಕೆಳಗಿನ ಮನೆಯವರ ಜೊತೆ ಗುಜರಾತಿಯಲ್ಲಿ ಮಾತು. ಅವಳು ಆ ಭಾಷೆ ಕಲಿತದ್ದೇ ನನಗೆ ಹೊಟ್ಟೆಯುರಿ. ನನಗೆ ತಿಳಿಯದ ಮಾತಿಗೆ ಅವಳು ನಕ್ಕಾಗ ನಾನು ಪಾತ್ರೆ ಜೋರಾಗಿ ಇಡುತ್ತಿದ್ದೆ.

ಕೆಳಗಿನ ಮನೆಯವರು ಶಾಂತಾಬೆನ್. ಜೈನರು, ವಿಧವೆ, ಮಗಳನ್ನು ಅಹಮದಾಬಾದಿಗೆ ಕೊಟ್ಟು ಒಬ್ಬರೇ ಇದ್ದರು. ಹೊತ್ತು ಮುಳುಗಿದ ಮೇಲೆ ಅವರು ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಸಂಜೆಯಾಗುತ್ತಲೇ ಅಂಗಳಕ್ಕೆ ಬಂದು ಹಂಚಿನ ಮೇಲಿನ ಬಿಸಿಲನ್ನು ನೋಡಿ, "ಹೋಯಿತು, ಹೋಯಿತು" ಎಂದು ಓಡಿಹೋಗಿ ಊಟ ಮುಗಿಸುತ್ತಿದ್ದರು. ಮಗಳು ಹೋಗಿ ಖಾಲಿಯಾದ ಮನೆಯ ಮೇಲೆ ನಾನು ಬಂದದ್ದು ಅವರಿಗೂ ಒಂದು ಹಬ್ಬ. ದಿನಾ ಏನಾದರೂ ತಂದು ತಿನ್ನಿಸುತ್ತಿದ್ದರು. ಅವರ ಜೊತೆ ಇದ್ದೂ ಇದ್ದೂ ನನಗೂ ಅಷ್ಟಿಷ್ಟು ಗುಜರಾತಿ ಬಂತು.

ಜ್ವರ ಬಂದದ್ದು ಅಂಥ ದಿನಗಳಲ್ಲಿ. ಮೊದಲು ತಲೆನೋವು, ಆಮೇಲೆ ಸಂಜೆಗೆ ಏರಿ ಬೆಳಗ್ಗೆ ಇಳಿಯುವ ಜ್ವರ, ಆಮೇಲೆ ಇಳಿಯದ ಜ್ವರ. ಶಾಂತಾಬೆನ್ ಮುಟ್ಟಿ ನೋಡಿ, "ಮೋತಿಝರೋ" ಎಂದರು. ಡಾಕ್ಟರು ರಕ್ತ ತೆಗೆದು ಅದನ್ನೇ ಟೈಫಾಯ್ಡ್ ಎಂದರು.

ಭಾವ ನನ್ನನ್ನು ಮೆಟ್ಟಿಲಿಂದ ಕೆಳಗೆ ಎತ್ತಿಕೊಂಡು ಬಂದು ಟಾಂಗಾದಲ್ಲಿ ಕೂಡಿಸುವಾಗ, "ನೀಲಾ, ನಿನ್ನ ತಂಗಿ ಬಂದದ್ದು ಆರೈಕಿ ಮಾಡಾಕೋ, ಮಾಡಿಸಿಕೊಳ್ಳಾಕೋ?" ಎಂದು ನಗಾಡಿದರು.

"ಜ್ವರದ ಕೂಸಿನ ಮುಂದ ಎಂಥಾ ಮಾತ್ರೀ," ಎಂದಳು ಅಕ್ಕ.

"ಕೂಸ ಏನ ಇದು? ಎತ್ತಿದವನಿಗೆ ಕೇಳು."

ನಾನೂ ನಕ್ಕೆ. ನಗುವಾಗ ತಲೆ ಸಿಡಿಯಿತು. ದವಾಖಾನೆಯ ಬೆಂಚಿನ ಮೇಲೆ ಜನವೋ ಜನ. ಅಕ್ಕ ಮೂಲೆಯಲ್ಲಿ ಜಾಗ ಹಿಡಿದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಹೊಟ್ಟೆ ಆಗಿನ್ನೂ ಕಾಣುತ್ತಿರಲಿಲ್ಲ. ಸೀರೆಗೆ ಊರಿನ ವಾಸನೆ ಉಳಿದಿರಲಿಲ್ಲ, ಆದರೆ ಕೈ ಅದೇ ಕೈ. ಹಣೆಯಿಂದ ಹಿಂದಕ್ಕೆ ಕೂದಲು ಸವರುತ್ತಿದ್ದಳು. ಒಳಗಿನಿಂದ ಕಾಂಪೌಂಡರ್ ಹೆಸರು ಕೂಗಿದಾಗಲೆಲ್ಲ ನಮ್ಮ ಸರದಿ ಬಾರದಿರಲಿ ಅಂದುಕೊಂಡೆ. ರೋಗಿಯಾದವಳು ಹಾಗೆ ಅಂದುಕೊಳ್ಳಬಾರದು. ನಾನು ಅಂದುಕೊಂಡೆ.

ಕ್ಯಾಪ್ಸೂಲು ಕೊಟ್ಟರು. ಗಾಜಿನ ಸಣ್ಣ ಸೀಸೆಯಲ್ಲಿ, ಬಿಳಿ ಮತ್ತು ಬೂದಿ ಬಣ್ಣದವು. ಹೊತ್ತು ಹೊತ್ತಿಗೆ ತಪ್ಪದೆ ಕೊಡಬೇಕು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ ಎಂದರು ಡಾಕ್ಟರು. ಅಕ್ಕ ಅದನ್ನು ಅವ್ವನ ಮಾತಿನ ಹಾಗೆ ನಡೆಸಿದಳು. ಸಂಜೆಯದನ್ನು ದೇವರಿಗೆ ದೀಪ ಹಚ್ಚಿ, ನನ್ನ ಹಣೆಗೆ ವಿಭೂತಿ ಹಚ್ಚಿ, ಆಮೇಲೆ ಕೊಡುವಳು. "ಬಾಯಿ ತಗಿ ನನ್ನವ್ವಾ." ನುಂಗಿಸಿ, ಬಾಯಿ ಒರೆಸಿ, ಒಂದು ಗಳಿಗೆ ಪಕ್ಕದಲ್ಲಿ ಕೂರುವಳು. ಆ ಒಂದು ಗಳಿಗೆ ಮಾತ್ರ. ಒಲೆಯ ಮೇಲೆ ಅನ್ನ ಇರುತ್ತಿತ್ತು.

ಆವತ್ತು ನಮ್ಮೂರಿನವರೊಬ್ಬರು ಮುಂಬಯಿಯಿಂದ ಅಹಮದಾಬಾದಿಗೆ ಹೋಗುವ ಗಾಡಿಯಲ್ಲಿ ಬರುವವರಿದ್ದರು. ಅವ್ವ ಅವರ ಕೈಯಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದಳು. ಗಾಡಿ ನಿಲ್ಲುವ ಹೊತ್ತಿನಲ್ಲಿ ಇಸಿದುಕೊಳ್ಳಬೇಕು. ಅಕ್ಕನಿಗೆ ರೊಟ್ಟಿಯ ಬಯಕೆ. ಶಾಂತಾಬೆನ್‌ರನ್ನು ನನ್ನ ಹತ್ತಿರ ಕೂಡಿಸಿ, ಭಾವನ ಜೊತೆ ಸ್ಟೇಷನ್ನಿಗೆ ಹೋದಳು. ದೀಪದ ಹೊತ್ತಿಗೆ ಬಂದುಬಿಡುತ್ತೇನೆ ಎಂದಳು. ಗಾಡಿ ತಡವಾಯಿತು.

ನಡುವೆ ಆದದ್ದು ನನಗೆ ಗೊತ್ತಾದದ್ದು ಮರುದಿನ. ಬಿಸಿಲು ಹಂಚಿನ ಮೇಲಿಂದ ಜಾರುತ್ತಿದ್ದುದನ್ನು ಶಾಂತಾಬೆನ್ ನೋಡಿದರು. ಸಂಜೆಯ ಔಷಧ ಕೊಟ್ಟಾಗಿಲ್ಲ. ಹೊತ್ತು ಮುಳುಗಿದ ಮೇಲೆ ಹುಡುಗಿಯ ಬಾಯಿಗೆ ಏನಾದರೂ ಹಾಕುವುದೆಂದರೆ ಅವರ ಮನಸ್ಸು ಒಪ್ಪಲಿಲ್ಲ. ಇನ್ನೊಂದು, ಕ್ಯಾಪ್ಸೂಲಿನ ಮೇಲಿನ ಸಿಪ್ಪೆ ಪ್ರಾಣಿಯ ಎಲುಬಿನಿಂದ ಮಾಡಿದ್ದು ಎಂದು ಅಹಮದಾಬಾದಿನ ಅಳಿಯ ಹೇಳಿದ್ದರಂತೆ. ಮಾಂಸ ಮುಟ್ಟದ ಮನೆಯ ಹುಡುಗಿಗೆ ಎಲುಬು ಹೇಗೆ ಕೊಡುವುದು? ಸಿಪ್ಪೆ ಬಿಡಿಸಿ, ಒಳಗಿನ ಪುಡಿಯನ್ನು ಬೆಲ್ಲದ ಉಂಡೆಯಲ್ಲಿಟ್ಟು ನನ್ನ ಬಾಯಿಗೆ ಹಾಕಿದರು. ಸಿಪ್ಪೆಯನ್ನು ಕಾಗದದ ಚೂರಿನಲ್ಲಿ ಹಿಡಿದು ಓಣಿಗೆ ಎಸೆದರು. ಜ್ವರದ ಮಂಪರಿನಲ್ಲಿ ನಾನು ಅದನ್ನು ಅವರು ದಿನಾ ತರುವ ತಿನಿಸು ಅಂದುಕೊಂಡು ನುಂಗಿದೆ. ಕಹಿ ಇತ್ತು, ಆದರೆ ಆ ದಿನಗಳಲ್ಲಿ ನೀರೂ ಕಹಿಯೇ. ಮೆಟ್ಟಿಲ ಮೇಲೆ ಅಕ್ಕನ ಹೆಜ್ಜೆ ಕೇಳಿದ ಕೂಡಲೇ ಅವರು ತಮ್ಮ ಸಂಜೆಯ ಧ್ಯಾನಕ್ಕೆ ಹೊತ್ತಾಯಿತೆಂದು ಅವಸರದಲ್ಲಿ ಇಳಿದುಹೋದರು.

ಅಕ್ಕ ರೊಟ್ಟಿಯ ಗಂಟನ್ನು ಬಾಗಿಲಲ್ಲೇ ಇಟ್ಟು ಕೈಕಾಲು ತೊಳೆದಳು. ದೀಪ ಹಚ್ಚಿದಳು. ನನ್ನ ತಲೆ ಎತ್ತಿ, "ಬಾಯಿ ತಗಿ ನನ್ನವ್ವಾ" ಎಂದಳು. ನಾನು ತೆಗೆದೆ.

ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ತೊಳಸಿ ಬಂತು. ಏನೂ ಉಳಿಯದ ಹಾಗೆ ವಾಂತಿ. ಕೋಣೆ ತಿರುಗುತ್ತಿತ್ತು. ಅಕ್ಕ ತಾನೂ ಓಕರಿಸುತ್ತ ನನ್ನ ಹಣೆ ಹಿಡಿದಿದ್ದಳು.

ಬೆಳಗ್ಗೆ ಭಾವ ಸೀಸೆ ಎತ್ತಿ ಬೆಳಕಿಗೆ ಹಿಡಿದರು. ಕಚೇರಿಯ ಅಭ್ಯಾಸ, ಮನೆಯ ಸಕ್ಕರೆಯನ್ನೂ ಹಾಗೇ ನೋಡುವವರು.

"ಒಂದು ಕಮ್ಮಿ ಐತಿ."

"ಅದ್ಹೆಂಗರೀ?" ಎಂದಳು ಅಕ್ಕ.

"ನಾ ನಿನ್ನ ಕೇಳಬೇಕು. ನಿನ್ನಿ ಸಂಜಿಕ ಎಷ್ಟ ಸಲ ಕೊಟ್ಟಿ?"

"ಒಂದ ಸಲ. ದೀಪಾ ಹಚ್ಚಿ ಕೊಟ್ಟೆ." ತಡೆದಳು. "ಟೇಸನ್ನಿಗೆ ಹೋಗೂಮುಂದನೂ ಕೊಟ್ಟೆನೋ ಏನೋ…"

"ಏನೋ ಅಂದ್ರ? ಒಗ್ಗರಣಿಗೆ ಸಾಸಿವಿ ಹಾಕೂದು ಅಂತ ತಿಳದಿ ಏನು, ಎರಡ ಸಲ ಬಿದ್ರೂ ನಡೀತೈತಿ ಅನ್ನಾಕ? ರೊಟ್ಟಿ ಮ್ಯಾಲ ಇತ್ತು ನಿನ್ನ ಧ್ಯಾನ."

ಬಸುರಿನ ಸಂಕಟದಲ್ಲಿ ಅಕ್ಕನಿಗೆ ಮರೆವು ಇದ್ದದ್ದು ನಿಜ; ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದ್ದು ನಾನೇ ನೋಡಿದ್ದೆ. ತಾನು ಕೊಟ್ಟಿಲ್ಲ ಎಂದು ಗಟ್ಟಿಯಾಗಿ ಹೇಳಲಿಕ್ಕೆ ಅವಳಿಗೇ ಧೈರ್ಯವಾಗಲಿಲ್ಲ. ಭಾವ ಟಾಂಗಾ ತರಲಿಕ್ಕೆ ಹೋದರು. ಅಕ್ಕ ಒಳಗೆ ಸೀರೆ ಬದಲಿಸುತ್ತಿದ್ದಳು. ಆಗ ಶಾಂತಾಬೆನ್ ಮೇಲೆ ಬಂದು ನನ್ನ ಕೆನ್ನೆ ಸವರಿದರು.

"ನಿನ್ನೆ ಔಷಧ ಕಹಿ ಅಂತ ಮುಖ ಹಿಂಡಿದೆಯಲ್ಲ ಬೇಟಾ," ಎಂದರು ಗುಜರಾತಿಯಲ್ಲಿ, ನನ್ನ ಕಿವಿಯ ಹತ್ತಿರ ಬಾಗಿ. "ಇನ್ನೊಮ್ಮೆ ಬೆಲ್ಲ ಜಾಸ್ತಿ ಹಾಕುತ್ತೇನೆ." ಎಲುಬಿನ ಮಾತು, ಹೊತ್ತು ಮುಳುಗುತ್ತಿದ್ದ ಮಾತು, ಎಲ್ಲ ಹೇಳಿದರು. ನನಗೆ ಪೂರ್ತಿ ತಿಳಿಯಿತು. ಆ ಭಾಷೆ ನನಗೆ ಅಷ್ಟು ಚೆನ್ನಾಗಿ ತಿಳಿದದ್ದು ಅದೇ ಮೊದಲು.

ಹೇಳಬೇಕು ಎಂದೇ ಇದ್ದೆ. ಶಾಂತಾಬೆನ್ ಕೆಳಗೆ ಹೋದ ಮೇಲೆ ಅಕ್ಕ ಹೊರಗೆ ಬಂದಳು, ಕಣ್ಣು ಕೆಂಪಗಿತ್ತು. ನನ್ನನ್ನು ಎತ್ತಿ ಕೂಡಿಸಿ, ಎದೆಗೆ ಒರಗಿಸಿಕೊಂಡು, "ನನ್ನ ಕೂಸ ನಾನ ಕೊಲ್ಲತಿದ್ನಲ್ಲ" ಎಂದಳು. ನನಗೆ ಉಸಿರಾಡಲಿಕ್ಕೆ ಆಗದಷ್ಟು ಬಿಗಿಯಾಗಿ ಹಿಡಿದಿದ್ದಳು. ಅವಳ ಮದುವೆಯಾದ ಮೇಲೆ ನನ್ನನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಇನ್ನೊಂದು ಗಳಿಗೆ ಇರಲಿ, ಆಮೇಲೆ ಹೇಳೋಣ ಎಂದು ಕಣ್ಣು ಮುಚ್ಚಿದೆ.

ದವಾಖಾನೆಯಲ್ಲಿ ಭಾವ ಬಾಗಿಲಲ್ಲಿ ನಿಂತೇ, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವ ಹಾಗೆ, "ಡಾಕ್ಟರ್ ಸಾಬ್, ನಮ್ಮ ಮನೆಯವಳು ಎರಡು ಸಲ ಕೊಟ್ಟುಬಿಟ್ಟಿದ್ದಾಳೆ" ಎಂದು ಹಿಂದಿಯಲ್ಲಿ ಹೇಳಿದರು. ಹೆಂಗಸರು ಲೊಚಗುಟ್ಟಿದರು. ಒಬ್ಬಾಕೆ ತನ್ನ ಕೂಸನ್ನು ಅಕ್ಕನ ಪಕ್ಕದಿಂದ ಆಚೆ ಸರಿಸಿಕೊಂಡಳು. ಅಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಆದರೆ ಕೈ ನನ್ನ ಕೂದಲಲ್ಲೇ ಇತ್ತು. ಹೇಳಿದರೆ ಆ ಕೈ ನಿಲ್ಲುತ್ತದೆ. ನಾನು ಬಾಯಿ ಬಿಡಲಿಲ್ಲ.

ಡಾಕ್ಟರು ನಾಡಿ ನೋಡಿ, ಹೊಟ್ಟೆ ಒತ್ತಿ, ಒಂದು ಹೆಚ್ಚಾದದ್ದಕ್ಕೆ ಹೆದರುವುದು ಬೇಡ, ಮುಂದಿನದನ್ನು ಅದರ ಹೊತ್ತಿಗೇ ಕೊಡಿ ಎಂದರು. ಅಕ್ಕನ ಕಡೆ ತಿರುಗಿ, "ಆಗುತ್ತದೆ ಬೆಹೆನ್, ಅಳಬೇಡಿ" ಎಂದರು. ಅವರು ಅಷ್ಟು ಒಳ್ಳೆಯ ಮಾತು ಆಡಿದ್ದರಿಂದ ಅಕ್ಕ ಇನ್ನೂ ಅತ್ತಳು.

ಆಮೇಲಿನ ದಿನಗಳು ನನ್ನ ಬಾಳಿನಲ್ಲೇ ಸುಖದ ದಿನಗಳು ಎಂದರೆ ನೀವು ನಂಬುತ್ತೀರೋ ಇಲ್ಲವೋ. ಮೈಯಲ್ಲಿ ಎಲುಬು ಎದ್ದಿತ್ತು, ನಾಲಿಗೆ ಒಡೆದಿತ್ತು, ಕೂದಲು ಬಾಚಣಿಗೆಯಲ್ಲಿ ಗೊಂಚಲಾಗಿ ಬರುತ್ತಿತ್ತು. ಆದರೆ ಅಕ್ಕ ನನ್ನ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಅನ್ನ ಸೀದರೂ ಏಳುತ್ತಿರಲಿಲ್ಲ. ಗಂಜಿ ಕುಡಿಸುವಳು, ಮೋಸಂಬಿ ಹಿಂಡುವಳು, ಉದುರಿದ ಕೂದಲನ್ನು ನನಗೆ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಳ್ಳುವಳು. ಊರಿನ ಮಾತು ಕೇಳುವಳು. ನಾನು ಕೂಡಿಟ್ಟುಕೊಂಡು ಬಂದದ್ದನ್ನೆಲ್ಲ ಹೇಳಿದೆ. ಒಂದನ್ನು ಬಿಟ್ಟು.

ಸೀಸೆ ಭಾವನ ಪೆಟ್ಟಿಗೆ ಸೇರಿತ್ತು. ಮಧ್ಯಾಹ್ನದ ಒಂದನ್ನು ಬಸಿಯಲ್ಲಿಟ್ಟು ಮುಚ್ಚಿ ಕಚೇರಿಗೆ ಹೋಗುತ್ತಿದ್ದರು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಕೇಳುವಳು: "ಗಿರಿಜಾ, ಕೊಟ್ಟಿಲ್ಲಲ್ಲ ನಾ?"

"ಇಲ್ಲಕ್ಕ. ಬಸಿಯೊಳಗ ಇದ್ದದ್ದು ಒಂದ, ನಿನ್ನ ಕೈಯಾಗ ಐತಿ."

"ಖರೇನ?"

"ಖರೇನ."

ನುಂಗಿದ ಮೇಲೆ ಖಾಲಿ ಬಸಿಯನ್ನು ಬೆರಳಿಂದ ಮುಟ್ಟಿ ನೋಡುವಳು.

ಶಾಂತಾಬೆನ್ ಬಾಯಿಬಿಟ್ಟಾರು ಎಂಬ ಹೆದರಿಕೆ ನನಗೆ. ಒಂದು ದಿನ ಅವರು ಬೆಲ್ಲ ಹಿಡಿದು ಬಂದಾಗ, ನನಗೆ ಬರುವಷ್ಟು ಗುಜರಾತಿಯಲ್ಲಿ, ಇನ್ನು ಏನೂ ತರಬೇಡಿ, ಅಕ್ಕನೇ ಕೊಡುತ್ತಾಳೆ ಎಂದೆ. ನನ್ನ ಕೈಯದು ಬೇಡವೇ ಎಂದು ಕೇಳಿದರು. ನಾನು ಗೋಡೆಯ ಕಡೆ ಹೊರಳಿದೆ. ಅವರು ಮೆಟ್ಟಿಲು ಇಳಿದುಹೋದವರು ಮತ್ತೆ ಮೇಲೆ ಬರಲಿಲ್ಲ. "ಆ ಶಾಂತಾಬೆನ್‌ರಿಗೆ ಏನಾತ ಇದ್ದಕ್ಕಿದ್ದಂಗ? ನಾ ಎರಡ ಸಲ ಔಷಧ ಕೊಟ್ಟದ್ದು ಕೇಳಿ ನನ್ನ ಮಾರಿ ನೋಡವಲ್ರು ಕಾಣತೈತಿ," ಎಂದಳು ಅಕ್ಕ. ಅದಕ್ಕೂ ಸುಮ್ಮನಿದ್ದೆ.

ಜ್ವರ ಬಿಟ್ಟಿತು. ಕಾಲಿಗೆ ಬಲ ಬಂದ ಮೇಲೆ ಅಪ್ಪ ಬಂದು ನಮ್ಮಿಬ್ಬರನ್ನೂ ಊರಿಗೆ ಕರೆದುಕೊಂಡು ಹೋದ. ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನ ಮುಗಿಸಿ ಅವಳು ಮತ್ತೆ ಹೋದಳು. ಗಾಡಿ ಹೋದ ಮೇಲೆ ಕಂಬಿಯ ಪಕ್ಕದಲ್ಲಿ ನಿಂತು ನಾನು ಜೋರಾಗಿ ಅಂದೆ, ಆಗ ಹೇಳಿದ್ದರೆ ಚೆನ್ನಾಗಿತ್ತು ಎಂದು. ಅಪ್ಪ, ಏನು ಎಂದ. ಏನಿಲ್ಲ ಎಂದೆ.

ಭಾವನಿಗೆ ಸೂರತಿಗೆ ವರ್ಗವಾಯಿತು. ಅಕ್ಕ ಎರಡನೇ ಬಸುರಿ ಎಂದು ಮತ್ತೆ ನನ್ನನ್ನೇ ಕಳಿಸಿದರು. ಊರಂಚಿನ ಕತಾರ್‌ಗಾಮಿನಲ್ಲಿ ಮನೆ, ಪಕ್ಕದಲ್ಲೇ ವಜ್ರ ಉಜ್ಜುವವರ ಕೋಣೆ, ಹಗಲೆಲ್ಲ ಸಾಣೆಯ ಗುಂಯ್ ಸದ್ದು. ಅಕ್ಕನ ಮಗಳು ನಡೆಯುತ್ತಿದ್ದಳು, ತುಂಬ ಮಾತಾಡುತ್ತಿದ್ದಳು. ಅರ್ಧ ಕನ್ನಡ, ಅರ್ಧ ಗುಜರಾತಿ.

ನಾನು ಹೋದ ಸ್ವಲ್ಪ ದಿನಕ್ಕೇ ಮಗುವಿಗೆ ಜ್ವರ, ಎದೆಯಲ್ಲಿ ಗೊರಗೊರ. ಡಾಕ್ಟರು ಬಾಟಲಿಯ ಔಷಧ ಬರೆದಿದ್ದರು. ಮಧ್ಯಾಹ್ನ ಒಂದು ಚಮಚ. ನಾನು ಬಟ್ಟೆ ಒಗೆದು ಬಂದು ನೋಡಿದರೆ ಅಕ್ಕ ಬಾಗಿಲ ಕಡೆ ಮುಖ ಮಾಡಿ, ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಮಗು ಚಾಪೆಯ ಮೇಲೆ ನರಳುತ್ತಿದೆ.

"ಹೊತ್ತಾತಲ್ಲಕ್ಕ, ಕೊಟ್ಟಿಯಾ?"

"ಅವರು ಬರ್ಲಿ."

"ಭಾವಾರು ಬರೂದು ಸಂಜಿಗೆ."

"ಆಜೂಬಾಜೂದವರನ್ನ ಕರದ್ನಿ, ಯಾರೂ ಮನಿಯಾಗಿಲ್ಲ. ನೀ ಕೊಡು ಹಂಗಾರ. ನಾ ಒಲ್ಲೆ. ನನ್ನ ಕೈಗುಣ ಛಲೋ ಇಲ್ಲ, ನಿನಗ ಗೊತ್ತಿಲ್ಲೇನು?"

ಕೂಸು ಹುಟ್ಟಿದಾಗಿನಿಂದ ಹೀಗೇ ಎಂದು ಆಗ ತಿಳಿಯಿತು. ಕೂಸಿಗೆ ಬೇರು ತೇಯ್ದು ಗುಟ್ಟಿ ಹಾಕಲಿಕ್ಕೂ ಅವಳು ಬೇರೆಯವರ ಕೈ ಹುಡುಕುತ್ತಿದ್ದಳು. ಓಣಿಯ ಎಳೆಗರುಗಳಿಗೆ ಹಾಲು ಕುಡಿಸಿದ ನೀಲಕ್ಕ.

ನಾನು ಒದ್ದೆ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತಲ್ಲೇ ಹೇಳಿದೆ. ಶಾಂತಾಬೆನ್, ಬೆಲ್ಲ, ಬಿಸಿಲು, ಎಸೆದ ಸಿಪ್ಪೆ. ಹಿಂದುಮುಂದಾಗಿ ಹೇಳಿದೆ. ಮುಗಿದ ಮೇಲೆ ಅಕ್ಕ ಕೇಳಿದಳು:

"ನಾ ಕೊಟ್ಟದ್ದು ಒಂದ?"

"ಒಂದ."

"ದೀಪಾ ಹಚ್ಚಿದ ಮ್ಯಾಲ."

"ಹೌದಕ್ಕ."

ಬಾಟಲಿಯ ಮುಚ್ಚಳ ತೆಗೆದಳು. ಚಮಚ ಮಗುವಿನ ಹಲ್ಲಿಗೆ ತಾಗಿ ಸದ್ದಾಯಿತು. ಮಗು ಉಗುಳಬೇಕೆಂದು ನೋಡಿತು. ಅಕ್ಕ ಗಲ್ಲ ಹಿಡಿದು, ಮೂಗಿಗೆ ಮೂಗು ತಾಗಿಸಿದಳು. ಮಗು ನುಂಗಿತು. ಅಕ್ಕ ಬಾಟಲಿಯನ್ನು ಗೋಡೆಯಲ್ಲಿನ ತನ್ನ ಮಾಡಿನಲ್ಲಿ ಇಟ್ಟಳು, ಭಾವನ ಪೆಟ್ಟಿಗೆಯಲ್ಲಲ್ಲ.

ಸಂಜೆ ಭಾವ ಬಂದ ಮೇಲೆ, ಅವರಿಗೂ ನಾನೇ ಹೇಳಬೇಕೆಂದು ಚಹಾ ಕೊಡುತ್ತ ಹೇಳಿದೆ. ಬಡೋದೆಯಲ್ಲಿ ನನಗೆ ಗುಳಿಗೆ ಎರಡು ಸಲ ಹೋದದ್ದು ಅಕ್ಕನಿಂದ ಅಲ್ಲ ಎಂದೆ.

"ಯಾವ ಗುಳಿಗಿ?" ಎಂದರು ಭಾವ.

ಟೈಫಾಯ್ಡ್ ನೆನಪಿತ್ತು, ಟಾಂಗಾ ನೆನಪಿತ್ತು. "ಎತ್ತಿ ಎತ್ತಿ ನನ್ನ ನಡಾ ಹೋಗಿತ್ತಲ್ಲ," ಎಂದು ನಕ್ಕರು. ಗುಳಿಗೆಯ ಮಾತು ಅವರಿಗೆ ಸ್ವಲ್ಪವೂ ನೆನಪಿರಲಿಲ್ಲ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಊಟವಾದ ಮೇಲೆ ಹಿಂದಿನ ಕಟ್ಟೆಯ ಮೇಲೆ ನಾವಿಬ್ಬರೇ ಇದ್ದೆವು. ನನ್ನದು ತಪ್ಪಾಯಿತು ಎಂದೆ. ಆ ಮಾತು ಅಷ್ಟು ಸಣ್ಣದು ಎಂದು ಆಡಿದ ಮೇಲೆ ಗೊತ್ತಾಯಿತು.

"ಯಾಕ ಹೇಳಲಿಲ್ಲ?" ಎಂದಳು. ಸಿಟ್ಟಿನಿಂದ ಅಲ್ಲ, ತಿಳಿಯಬೇಕೆಂದು ಕೇಳಿದ ಹಾಗೆ.

"ನೀ ನನ್ನ ಬಾಜೂಕ ಕುಂತಿದ್ದಿ. ಹೇಳಿದ್ರ ಎದ್ದು ಹೋಗ್ತಿ ಅಂತ."

"ಕುಂದರಕ್ಕ ಅಂದಿದ್ರ ಕುಂದರ್ತಿದ್ನಲ್ಲ, ಗಿರಿಜಾ," ಎಂದಳು.

ಒಳಗೆ ಮಗು ಕೆಮ್ಮಿತು. ಅಕ್ಕ ಮೊಣಕಾಲ ಮೇಲೆ ಕೈಯೂರಿ ಏಳತೊಡಗಿದಳು. ಇನ್ನೊಂದು ಗಳಿಗೆ ಕುಂದರಕ್ಕ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳೂ ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತಳು. ನಾನು ಅನ್ನಲಿಲ್ಲ. ಅವಳು ಒಳಗೆ ಹೋದಳು.